ಇಪ್ಪತ್ತೆಂಟು ಡಾಲರಿನ ಮನೆ

ಕಾಡಿನ ಅಂಚಿನಲ್ಲಿ ಒಂದು ಪುಟ್ಟ ಮರದ ಮನೆ ಕಟ್ಟಿಕೊಂಡು ಇದ್ದುಬಿಡಬೇಕೆಂಬ ಆಸೆ ಪೇಟೆಯ ಗದ್ದಲದಲ್ಲಿ ಬದುಕುವ ನಮ್ಮಲ್ಲಿ ಅನೇಕರಿಗೆ ಆಗಾಗ ಹುಟ್ಟುವುದುಂಟು. ಈ ಆಸೆಗೆ ಸಾಹಿತ್ಯಪ್ರಪಂಚದಲ್ಲಿ ಒಂದು ಶಾಶ್ವತ ನೆಲೆ ಒದಗಿಸಿದವನು ಅಮೆರಿಕದ ಹೆನ್ರಿ ಡೇವಿಡ್ ಥೋರೊ. 1854ರಲ್ಲಿ ಪ್ರಕಟವಾದ ಅವನ ‘ವಾಲ್ಡನ್’ ಗ್ರಂಥವನ್ನು ನಾನು ಮೊದಲು ಓದಿದ್ದು ವಿದ್ಯಾರ್ಥಿಯಾಗಿದ್ದಾಗ. ಸರೋವರದ ವರ್ಣನೆಯನ್ನೂ ಏಕಾಂತದ ಚಿಂತನೆಯನ್ನೂ ಆಗ ಆಸೆಯಿಂದ ಓದಿದೆ; ಮನೆಯ ಖರ್ಚಿನ ಪಟ್ಟಿ ಬಂದಾಗ ಹಾಳೆ ಮಗುಚಿ ಮುಂದೆ ಹೋದೆ. ಮುಂದೆ ನಾನೇ ಒಂದು ಮನೆ ಕಟ್ಟಿಸಿ ಕೈಸುಟ್ಟುಕೊಂಡ ಮೇಲೆ, ಆ ಪಟ್ಟಿಯಲ್ಲೇ ಇಡೀ ಪುಸ್ತಕದ ತಿರುಳಿದೆಯೇನೋ ಎನ್ನಿಸತೊಡಗಿತು. ಆ ಮನೆಯ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮ್ಯಾಸಚೂಸೆಟ್ಸ್ ಪ್ರಾಂತದ ಕಾಂಕರ್ಡ್ ಊರಿನಿಂದ ದಕ್ಷಿಣಕ್ಕೆ ಸುಮಾರು ಒಂದೂವರೆ ಮೈಲಿ ದೂರದಲ್ಲಿ ವಾಲ್ಡನ್ ಎಂಬ ಸರೋವರ. ಅದರ ದಡದ ನೆಲ ಥೋರೊನ ಹಿರಿಯ ಮಿತ್ರ ಎಮರ್ಸನ್ನನದು. 1845ರ ಮಾರ್ಚ್ ತಿಂಗಳ ಕೊನೆಯಲ್ಲಿ, ಇಪ್ಪತ್ತೇಳು ವರ್ಷದ ಥೋರೊ ಒಂದು ಕೊಡಲಿಯನ್ನು ಎರವಲು ಪಡೆದು ಅಲ್ಲಿಗೆ ಹೋದ. ಎಳೆಯ ಬಿಳಿ ಪೈನ್ ಮರಗಳನ್ನು ಕಡಿದ. ಕೊಡಲಿಯನ್ನು ಹಿಂದಿರುಗಿಸುವಾಗ ಅದು ಮೊದಲಿಗಿಂತ ಹರಿತವಾಗಿತ್ತೆಂದು ಹೇಳಿಕೊಳ್ಳಲು ಅವನು ಮರೆಯುವುದಿಲ್ಲ.

ಮುಖ್ಯ ತೊಲೆಗಳನ್ನು ಆರು ಅಂಗುಲ ಚೌಕಕ್ಕೆ ಕೆತ್ತಿದ. ಗೋಡೆಯ ಕಂಬಗಳಿಗೆ ಎರಡು ಮಗ್ಗುಲು, ಮಾಡಿನ ಮತ್ತು ನೆಲದ ಮರಗಳಿಗೆ ಒಂದೇ ಮಗ್ಗುಲು ಕೆತ್ತಿ, ಉಳಿದ ಕಡೆ ತೊಗಟೆಯನ್ನು ಹಾಗೆಯೇ ಬಿಟ್ಟ. ಗರಗಸದಲ್ಲಿ ಕೊಯ್ದ ಮರಕ್ಕಿಂತ ಇದು ಹೆಚ್ಚು ಗಟ್ಟಿಯೆಂಬುದು ಅವನ ಮತ. ದಕ್ಷಿಣಕ್ಕೆ ಇಳಿಜಾರಾದ ದಿಬ್ಬದಲ್ಲಿ, ಬಿಲ ತೋಡುವ ಪ್ರಾಣಿಯೊಂದು ಮೊದಲೇ ಅಗೆದಿದ್ದ ಕಡೆಯಲ್ಲಿ, ಆರು ಅಡಿ ಚೌಕದ, ಏಳು ಅಡಿ ಆಳದ ನೆಲಮಾಳಿಗೆ ತೋಡಿದ. ಎಂಥ ಚಳಿಯಲ್ಲೂ ಆಲೂಗೆಡ್ಡೆ ಹೆಪ್ಪುಗಟ್ಟದಂಥ ಮರಳು ಅಲ್ಲಿ ಸಿಕ್ಕಿತು. ನೆಲದ ಗುಣವನ್ನು ಅರಿಯಲು ಅವನು ಶಿಲ್ಪಿಯ ಬಳಿಗೆ ಹೋಗಲಿಲ್ಲ. ಬಿಲವಾಸಿಯ ಅನುಭವವನ್ನು ನಂಬಿದ.

ಹೀಗೆ ಎದ್ದ ಮನೆಯ ಅಗಲ ಹತ್ತು ಅಡಿ, ಉದ್ದ ಹದಿನೈದು ಅಡಿ, ಕಂಬಗಳ ಎತ್ತರ ಎಂಟು ಅಡಿ. ಎರಡು ಪಕ್ಕಗಳಲ್ಲಿ ಒಂದೊಂದು ದೊಡ್ಡ ಕಿಟಕಿ. ಒಂದು ಕೊನೆಗೆ ಬಾಗಿಲು, ಅದರ ಎದುರಿಗೆ ಅಗ್ಗಿಷ್ಟಿಕೆ. ಜುಲೈ 4ರಂದು, ಗೋಡೆಗೆ ಗಾರೆಯಿಲ್ಲದೆ, ಹೊಗೆಗೂಡೂ ಇಲ್ಲದೆ ಇದ್ದಾಗಲೇ ಅವನು ಒಳಗೆ ಬಂದು ನೆಲೆಸಿದ. ಚಳಿಗಾಲ ಬರುವ ಮೊದಲು ಮಿಕ್ಕ ಕೆಲಸ ಮುಗಿಯಿತು.

ಇನ್ನು ಆ ಪಟ್ಟಿ. ಹಲಗೆಗೆ 8 ಡಾಲರ್ 3½ ಸೆಂಟು. ಸಾವಿರ ಹಳೆಯ ಇಟ್ಟಿಗೆಗೆ 4 ಡಾಲರ್. ಗಾಜಿನ ಸಮೇತ ಹಳೆಯ ಕಿಟಕಿ ಎರಡಕ್ಕೆ 2 ಡಾಲರ್ 43 ಸೆಂಟು. ಸೀಮೆಸುಣ್ಣಕ್ಕೆ ಒಂದು ಸೆಂಟು. ಒಟ್ಟು 28 ಡಾಲರ್ 12½ ಸೆಂಟು. ಅಂದಿನ ಕೇಂಬ್ರಿಜ್ ಕಾಲೇಜಿನ ವಿದ್ಯಾರ್ಥಿ ಒಂದು ಕೋಣೆಗೆ ವರ್ಷಕ್ಕೆ ತೆರುತ್ತಿದ್ದುದು 30 ಡಾಲರ್! ಸಾಮಗ್ರಿಯಲ್ಲಿ ಬಹುಪಾಲು ಹಿಂದೆ ಬೇರೆಲ್ಲೋ ಬಳಕೆಯಾಗಿದ್ದುದು, ಇಲ್ಲವೆ ಬೇಡವೆಂದು ಬಿಟ್ಟದ್ದು. ಆ ಮನೆ ಕಾಡಿನಲ್ಲಿ ಬೆರೆತುಹೋಯಿತೆಂದರೆ, ಅದಕ್ಕೆ ಅದರ ಬಣ್ಣ ಆಕಾರಗಳಷ್ಟೇ ಅಲ್ಲ, ಈ ಮಿತವೂ ಕಾರಣ.

ಆದರೆ ಪಟ್ಟಿಯ ಮೊದಲ ಬಾಬಿನ ಮುಂದೆ ನಾನು ಈಗ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಆ ಹಲಗೆಗಳು ಎಲ್ಲಿಂದ ಬಂದವು? ಸರೋವರದ ಪಕ್ಕದಲ್ಲೇ ಹಾದುಹೋಗುವ ಫಿಚ್‌ಬರ್ಗ್ ರೈಲುದಾರಿಯಲ್ಲಿ ದುಡಿಯುತ್ತಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಗಾರನ ಗುಡಿಸಲಿನಿಂದ. ಥೋರೊ ಅದನ್ನು 4 ಡಾಲರ್ 25 ಸೆಂಟಿಗೆ ಕೊಂಡ. ಮರುದಿನ ಬೆಳಗಿನ ಐದು ಗಂಟೆಗೆ ಅವರು ಖಾಲಿ ಮಾಡಬೇಕೆಂಬುದು ಮಾತು. ಆರು ಗಂಟೆಗೆ ಆ ಸಂಸಾರ ಅವನಿಗೆ ದಾರಿಯಲ್ಲಿ ಎದುರಾಯಿತು. ಹಾಸಿಗೆ, ಕಾಫಿ ಬೀಸುವ ಯಂತ್ರ, ಕನ್ನಡಿ, ಕೋಳಿಗಳು, ಎಲ್ಲ ಸೇರಿ ಒಂದೇ ಒಂದು ಗಂಟು. ಬೆಕ್ಕು ಮಾತ್ರ ಅವರ ಜೊತೆಗೆ ಹೋಗಲಿಲ್ಲ. ಅದು ಕಾಡು ಸೇರಿ, ಕೊನೆಗೊಂದು ಬೋನಿಗೆ ಸಿಕ್ಕಿ ಸತ್ತಿತು. ಥೋರೊ ಆ ಗುಡಿಸಲನ್ನು ಅಂದೇ ಬೆಳಿಗ್ಗೆ ಕಿತ್ತು, ಹಲಗೆಗಳನ್ನು ಗಾಡಿಯಲ್ಲಿ ಸಾಗಿಸಿ, ಬಿಸಿಲಿನಲ್ಲಿ ಹುಲ್ಲಿನ ಮೇಲೆ ಹರಡಿದ.

ಒಬ್ಬನು ಸ್ವಇಚ್ಛೆಯಿಂದ ಬಡತನದ ಪ್ರಯೋಗಕ್ಕೆ ತೊಡಗಿದಾಗ, ಅದರ ಗೋಡೆಗಳು ಬೇರೆ ದಾರಿಯೇ ಇಲ್ಲದ ಬಡವನ ಮನೆಯಿಂದ ಬಂದವು. ಕೊಟ್ಟ ಹಣಕ್ಕೆ ಮೋಸವಿಲ್ಲ, ಕ್ರಯ ನ್ಯಾಯವಾದದ್ದೇ. ಆದರೂ ಆ ಗಂಟು ಹೊತ್ತ ಸಂಸಾರ ಎಲ್ಲಿಗೆ ಹೋಯಿತೆಂದು ಅವನೂ ಹೇಳುವುದಿಲ್ಲ, ಬಹುಕಾಲ ನಾನೂ ಕೇಳಲಿಲ್ಲ. ಇದರಿಂದ ಥೋರೊನ ಮೇಲಿನ ನನ್ನ ಗೌರವ ಕಡಿಮೆಯಾಗಿಲ್ಲ. ಬೇಕೆಂದಿದ್ದರೆ ಆ ಮುಂಜಾನೆಯ ನೋಟವನ್ನು ಅವನು ಬರೆಯದೆ ಬಿಡಬಹುದಾಗಿತ್ತು, ಬಿಡಲಿಲ್ಲ.

ಎರಡು ವರ್ಷ, ಎರಡು ತಿಂಗಳು, ಎರಡು ದಿನ ಅಲ್ಲಿದ್ದು, 1847ರ ಸೆಪ್ಟೆಂಬರ್ 6ರಂದು ಥೋರೊ ಹೊರಟುಬಂದ. ಮನೆ ಎಮರ್ಸನ್ನನ ಕೈಸೇರಿತು, ಬಳಿಕ ಅವನ ತೋಟಗಾರನದಾಯಿತು. 1849ರಲ್ಲಿ ಒಬ್ಬ ರೈತ ಅದನ್ನು ಸಾಗಿಸಿಕೊಂಡು ಹೋಗಿ ಕಾಳಿನ ಕಣಜ ಮಾಡಿಕೊಂಡ. 1868ರಲ್ಲಿ ಮಾಡು ಹಂದಿಗೂಡಿಗೆ ಹೋಯಿತು. 1875ರಲ್ಲಿ ಉಳಿದ ಮರಮಟ್ಟು ಕೊಟ್ಟಿಗೆಯ ರಿಪೇರಿಗೆ ಸಂದಿತು. ಮನೆಯಿದ್ದ ಜಾಗವೇ ಮರೆತುಹೋಗಿ, ಹೊಗೆಗೂಡಿನ ತಳಪಾಯವನ್ನು 1945ರಲ್ಲಿ ರೋಲಂಡ್ ರಾಬಿನ್ಸ್ ಎಂಬವನು ಅಗೆದು ಪತ್ತೆಹಚ್ಚಬೇಕಾಯಿತು. ನೂರು ವರ್ಷದಲ್ಲಿ ನೆಲದಲ್ಲಿ ಉಳಿದದ್ದು ಇಷ್ಟೇ. ಕೂಲಿಗಾರನ ಗುಡಿಸಲಿನಿಂದ ಬಂದದ್ದು ಹಂದಿಗೂಡಿಗೂ ಕೊಟ್ಟಿಗೆಗೂ ಹಂಚಿಹೋಯಿತು, ಯಾವುದೂ ದಂಡವಾಗಲಿಲ್ಲ.

ಕಡಿದ ಪೈನ್ ಮರಗಳಿಗೆ ಮಾತ್ರ ಆ ಪಟ್ಟಿಯಲ್ಲಿ ಬೆಲೆ ಕಟ್ಟಿರಲಿಲ್ಲ; ಮರ, ಕಲ್ಲು, ಮರಳುಗಳನ್ನು ಅವನು ಪುಕ್ಕಟೆಯಾಗಿಯೇ ಪಡೆದಿದ್ದ. 1859ರ ಏಪ್ರಿಲ್‌ನಲ್ಲಿ, ಕಾಡು ಬಿಟ್ಟು ಹನ್ನೆರಡು ವರ್ಷ ಕಳೆಯುತ್ತ ಬಂದಾಗ, ಅವನು ಅದೇ ಎಮರ್ಸನ್ನನ ನೆಲಕ್ಕೆ ಮರಳಿದ. ಇಬ್ಬರು ಆಳುಗಳು ನೆರವಾದರು. ಹದಿನೈದು ಅಡಿಗೊಂದರಂತೆ ಸುಮಾರು ನಾನೂರು ಪೈನ್ ಸಸಿಗಳನ್ನು ಅವನು ತನ್ನ ಕೈಯಾರೆ ನೆಟ್ಟ. ಮೂರು ವರ್ಷದ ಮೇಲೆ, 1862ರಲ್ಲಿ, ತೀರಿಕೊಂಡ. ಕಾಡಿಗೆ ಇದ್ದ ಸಾಲವನ್ನು ಹಾಗೆ ಅವನು ತೀರಿಸಿದನೆಂದೇ ನನ್ನ ಭಾವನೆ. ಕಾಲಿನ್ಸನ ಸಂಸಾರದ ಬಾಬು ಇನ್ನೂ ತೆರೆದೇ ಇದೆ. ಕಾಡಿನಲ್ಲಿ ಮನೆ ಕಟ್ಟುವ ಆಸೆ ನನಗೆ ಬಂದಾಗಲೆಲ್ಲ ಮೊದಲು ಕಣ್ಣಿಗೆ ಕಾಣುವುದು ಆ ಗಂಟು.