ಒಂದು ಹೆಸರು, ಹಲವು ಕೈ: ಜಮಖಂಡಿ ಸೀಮೆಯ ದುಡಿಯುವ ಕುಟುಂಬಗಳು ಮತ್ತು ಕೇಂದ್ರದ ಕಾನೂನುಗಳು

ಕೃಷ್ಣೆ ಮತ್ತು ಘಟಪ್ರಭೆಗಳ ಆಸುಪಾಸಿನಲ್ಲಿ ಹಬ್ಬಿರುವ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಗಳನ್ನು ಇಂದು ನಾವು ಬಾಗಲಕೋಟೆ ಜಿಲ್ಲೆಯ ಒಂದೇ ಸೀಮೆಯಾಗಿ ನೋಡುತ್ತೇವೆ. 1948ರವರೆಗೆ ಇದು ಹಾಗಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದು. ಒಂದಕ್ಕೊಂದು ಅಂಟಿಕೊಂಡಂತಿರುವ ಅವಳಿ ಊರುಗಳಲ್ಲಿ ಬನಹಟ್ಟಿ ಜಮಖಂಡಿಯ ಆಳ್ವಿಕೆಗೆ, ರಬಕವಿ ಸಾಂಗಲಿಯ ಆಳ್ವಿಕೆಗೆ ಒಳಪಟ್ಟಿದ್ದವು. ದೊರೆಗಳು ಬೇರೆಯಾದರೂ ಮಗ್ಗದ ಸದ್ದು ಒಂದೇ ಆಗಿತ್ತು. ಹಟಗಾರ, ದೇವಾಂಗ, ಕುರುಹಿನಶೆಟ್ಟಿ, ಪಟ್ಟಸಾಲಿ, ಸ್ವಕುಳಸಾಳಿ ಮೊದಲಾದ ನೇಕಾರ ಸಮುದಾಯಗಳು ಈ ಗಡಿಗಳನ್ನು ದಾಟಿ ಹೆಣ್ಣು ಕೊಟ್ಟು ತಂದುಕೊಂಡವು. ನೂಲಿನ ವ್ಯವಹಾರ, ಕಾಡಸಿದ್ಧೇಶ್ವರನ ಜಾತ್ರೆಯಂತಹ ಸಂದರ್ಭಗಳು ಅವರನ್ನು ಕೂಡಿಸಿದವು.

ಈ ಸೀಮೆಯ ದುಡಿಯುವವರ ಪರವಾಗಿ ನಡೆದ ಹೋರಾಟಗಳನ್ನು ಸಾಮಾನ್ಯವಾಗಿ ಮಜೂರಿ, ಸಾಲಮನ್ನಾ, ವಿದ್ಯುತ್ ದರ ಎಂಬ ಬೇಡಿಕೆಗಳ ಪಟ್ಟಿಯಾಗಿ ವಿವರಿಸಲಾಗುತ್ತದೆ. ಅದು ತಪ್ಪಲ್ಲ. ಆದರೆ ಆ ಬೇಡಿಕೆಗಳ ಕೆಳಗೆ ಇನ್ನೊಂದು ಪ್ರಶ್ನೆ ಉದ್ದಕ್ಕೂ ಹರಿದುಬಂದಿದೆ. ಇಲ್ಲಿ ದುಡಿಯುವ ಘಟಕ ಕುಟುಂಬ. ದಿಲ್ಲಿಯ ಕಾನೂನು ಎಣಿಸುವುದು ಒಬ್ಬ ವ್ಯಕ್ತಿಯನ್ನು ಅಥವಾ ಒಂದು ಮಗ್ಗವನ್ನು. ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ಯಾರು ಕಾಣದಂತಾದರು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಕುಣಿಮಗ್ಗದ ಕೆಲಸವನ್ನೇ ನೋಡಬಹುದು. ಕುಣಿಯಲ್ಲಿ ಕಾಲಿಟ್ಟು ಲಾಳಿ ಎಸೆಯುವವನು ಸಾಮಾನ್ಯವಾಗಿ ಗಂಡಸು. ಅವನು ಅಲ್ಲಿ ಕೂಡುವ ಮೊದಲು ಲಡಿ ಬಿಡಿಸಿ ರಾಟಿಯ ಮೇಲೆ ಕಂಡಿಕೆ ಸುತ್ತಬೇಕು, ಹಾಸು ಹೂಡಬೇಕು, ಗಂಜಿ ಹಾಕಬೇಕು, ಮುಗಿದ ಹಾಸಿನ ಎಳೆಗೆ ಹೊಸ ಹಾಸಿನ ಎಳೆಯನ್ನು ಒಂದೊಂದಾಗಿ ಕೂಡಿಸುವ ಕೆಚ್ಚುವ ಕೆಲಸ ಆಗಬೇಕು. ಇವುಗಳಲ್ಲಿ ಬಹುಪಾಲು ಹೆಂಗಸರ, ಮುದುಕರ, ಒಂದು ಕಾಲಕ್ಕೆ ಮಕ್ಕಳ ಪಾಲಿನದು. ಕ್ಷೇತ್ರಕಾರ್ಯದಲ್ಲಿ ಕಂಡಿಕೆ ಸುತ್ತುತ್ತ ಕುಳಿತ ಹೆಂಗಸರನ್ನು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ, ಕೈಯ ರಾಟಿ ನಿಲ್ಲಿಸದೆಯೇ ಮನೆಯಲ್ಲಿರುತ್ತೇವೆ ಎಂಬ ಉತ್ತರವೇ ನನಗೆ ಹೆಚ್ಚಾಗಿ ದೊರೆತಿದೆ. ನಾನು ನೋಡಿದ ಮಜೂರಿ ಪುಸ್ತಕಗಳಲ್ಲಿಯೂ ಇದ್ದುದು ಒಂದೇ ಹೆಸರು, ಮನೆಯ ಯಜಮಾನನದು. ಜಾನಪದ ಸಂಗ್ರಾಹಕರಾದ ನಾವೂ ಇದರಿಂದ ಹೊರತಲ್ಲ. ಆ ಹೆಂಗಸರ ಹಾಡು ಬರೆದುಕೊಂಡು ಬಂದೆವು, ಅವರ ದುಡಿಮೆಯ ಗಂಟೆಗಳನ್ನು ಬರೆದುಕೊಳ್ಳಲಿಲ್ಲ.

ಸ್ವಾತಂತ್ರ್ಯಾನಂತರದ ಕೇಂದ್ರ ನೀತಿ ಮೊದಮೊದಲು ಕೈಮಗ್ಗದ ಪರವಾಗಿಯೇ ಇತ್ತು. ಅಖಿಲ ಭಾರತ ಕೈಮಗ್ಗ ಮಂಡಳಿ 1952ರಲ್ಲಿ ಬಂದಿತು. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ 1975ರಲ್ಲಿ ಸ್ಥಾಪನೆಯಾಯಿತು. ಮರುವರ್ಷ ಕೇಂದ್ರದ ಜನತಾ ಬಟ್ಟೆ ಯೋಜನೆ ಆರಂಭವಾಯಿತು. ನಿಗಮ ನೂಲು ಕೊಡುವುದು, ನೇಕಾರ ನೇಯ್ದು ಒಪ್ಪಿಸಿ ಮಜೂರಿ ಪಡೆಯುವುದು ಎಂಬ ವ್ಯವಸ್ಥೆ ಇದು. ನೂಲು ತಡವಾದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಮನೆಯಲ್ಲಿ ಎಲ್ಲರ ಕೈಯೂ ನಿಲ್ಲುತ್ತದೆ. ಆದರೂ ನೇಕಾರ ನಿಗಮದ ನೌಕರನಲ್ಲ. ಸಾಹುಕಾರನ ನೂಲು ತಂದು ನೇಯುವವನು ಸಾಹುಕಾರನ ಕಾರ್ಮಿಕನೂ ಅಲ್ಲ. ನೇಕಾರ ಸಂಘಟನೆಗಳು ಮತ್ತೆ ಮತ್ತೆ ಎತ್ತಿದ, ತಮ್ಮನ್ನು ಕಾರ್ಮಿಕರೆಂದು ಪರಿಗಣಿಸಬೇಕೆಂಬ ಬೇಡಿಕೆಯ ಮೂಲ ಇಲ್ಲಿದೆ.

1985ರ ಜವಳಿ ನೀತಿ ಮತ್ತು ಅದೇ ವರ್ಷದ ಕೈಮಗ್ಗ ಮೀಸಲಾತಿ ಕಾಯಿದೆ ಈ ಊರುಗಳಲ್ಲಿ ವಿಚಿತ್ರವಾದ ಸ್ಥಿತಿಯನ್ನು ತಂದವು. ಇಪ್ಪತ್ತೆರಡು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡಲಾಯಿತು. ವಿದ್ಯುತ್ ಮಗ್ಗದ ಹಿತಾಸಕ್ತಿಗಳು ನ್ಯಾಯಾಲಯಕ್ಕೆ ಹೋದುದರಿಂದ ಕಾಯಿದೆಯ ಜಾರಿ ವರ್ಷಗಟ್ಟಲೆ ನಿಂತಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು 1993ರಲ್ಲಿ. ಮೂರೇ ವರ್ಷಗಳಲ್ಲಿ, ಅಂದರೆ 1996ರಲ್ಲಿ, ಮೀಸಲು ಪಟ್ಟಿಯನ್ನು ಹನ್ನೊಂದಕ್ಕೆ ಇಳಿಸಲಾಯಿತು. ದಿಲ್ಲಿಯಿಂದ ನೋಡಿದವರಿಗೆ ಇದು ಕೈಮಗ್ಗ ಮತ್ತು ವಿದ್ಯುತ್ ಮಗ್ಗಗಳ ಜಗಳ. ಬನಹಟ್ಟಿಯ ಓಣಿಯಲ್ಲಿ ಹಾಗೆ ಕಾಣುವುದಿಲ್ಲ. ಅಣ್ಣ ಕುಣಿಮಗ್ಗದಲ್ಲಿ ಉಳಿದು ತಮ್ಮ ಸಾಲ ಮಾಡಿ ವಿದ್ಯುತ್ ಮಗ್ಗ ಹಾಕಿದ ಮನೆಗಳು ಇಲ್ಲಿ ಅಪರೂಪವಲ್ಲ. ಅಣ್ಣನನ್ನು ಕಾಯುವ ಕಾನೂನು ತಮ್ಮನ ಮನೆಗೆ ತನಿಖೆಗೆ ಬರುವಂತಾಯಿತು. ನೇಕಾರರ ಪರ ಮಾತನಾಡುವವರು ಯಾರ ಪರ ಮಾತನಾಡಬೇಕೆಂಬ ಇಕ್ಕಟ್ಟು ಅಂದಿನಿಂದ ಇಂದಿನವರೆಗೂ ಬಿಟ್ಟುಹೋಗಿಲ್ಲ. ನನ್ನ ಅಭಿಪ್ರಾಯದಲ್ಲಿ, ಇಲ್ಲಿನ ಸಂಘಟನೆಗಳ ಮೇಲೆ ಹೊರಿಸಲಾಗುವ ಒಡಕಿನ ಆರೋಪದ ಬಹುಪಾಲು ಈ ಕಾಯಿದೆಯ ಮನೆಯೊಡೆಯುವ ಗುಣಕ್ಕೆ ಸಲ್ಲಬೇಕು. ಕಾಯಿದೆಯ ಉದ್ದೇಶ ಸರಿಯೇ ಇತ್ತು; ಅದು ಮಗ್ಗವನ್ನು ಕಂಡಿತು, ಮನೆಯನ್ನು ಕಾಣಲಿಲ್ಲ.

ಮುಂದಿನ ಬದಲಾವಣೆಗಳು ಬೇಗಬೇಗನೆ ಬಂದವು. ಗಿರಣಿಗಳು ಲಡಿ ರೂಪದಲ್ಲಿ ಕೊಡಲೇಬೇಕಾದ ನೂಲಿನ ಪ್ರಮಾಣ 2003ರಲ್ಲಿ ಶೇ. 50ರಿಂದ ಶೇ. 40ಕ್ಕೆ ಇಳಿಯಿತು. 2017ರ ಸರಕು ಮತ್ತು ಸೇವಾ ತೆರಿಗೆ ಕೃತಕ ನೂಲಿನ ಮೇಲೆ ಮೊದಲು ಶೇ. 18, ಕೆಲವೇ ತಿಂಗಳಲ್ಲಿ ಶೇ. 12 ಆಯಿತು, ಅದು ಶೇ. 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಕೈಮಗ್ಗ ಮಂಡಳಿಯನ್ನು 2020ರ ಜುಲೈಯಲ್ಲಿ ರದ್ದುಪಡಿಸಲಾಯಿತು. ಅದೇ ವರ್ಷ ರಾಜ್ಯ ಸರ್ಕಾರ ನೇಕಾರ ಸಮ್ಮಾನ್ ಹೆಸರಿನಲ್ಲಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ ಎರಡು ಸಾವಿರ ರೂಪಾಯಿ ಕೊಡಲಾರಂಭಿಸಿತು.

ಮನೆಯೊಳಗಿನ ಕೈಗಳು ಸರ್ಕಾರದ ಕಾಗದದಲ್ಲಿ ಕಾಣಿಸಿಕೊಂಡದ್ದು ಮುಖ್ಯವಾಗಿ ಗಣತಿಯ ಮೂಲಕ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ ಒಟ್ಟು 35.22 ಲಕ್ಷ ಕೈಮಗ್ಗ ಕೆಲಸಗಾರರನ್ನು ಗುರುತಿಸಿತು. ಇವರಲ್ಲಿ 26.73 ಲಕ್ಷ ನೇಕಾರರು, 8.48 ಲಕ್ಷ ಜನ ಸಹಾಯಕ ಕೆಲಸಗಾರರು, ಅಂದರೆ ಕಂಡಿಕೆ ಸುತ್ತುವವರು, ಹಾಸು ಹೂಡುವವರು. ಹಿಂದಿನ ಗಣತಿಯ 43.31 ಲಕ್ಷಕ್ಕೆ ಹೋಲಿಸಿದರೆ ಒಟ್ಟು ಸಂಖ್ಯೆ ಕುಸಿದಿದೆ. ಸಹಾಯಕ ಎಂಬ ಪದದ ಬಗ್ಗೆ ನನಗೆ ತಕರಾರಿದೆ. ಹಾಸಿಲ್ಲದೆ ಹೊಕ್ಕಿಲ್ಲ ಎಂಬುದು ನೇಯ್ಗೆ ಬಲ್ಲ ಯಾರಿಗೂ ಗೊತ್ತು.

ಇದೇ ಸೀಮೆಯಲ್ಲಿ ಇನ್ನೊಂದು ದುಡಿಮೆಯ ಲೋಕವಿದೆ. ಅದು ವರ್ಷದಲ್ಲಿ ಅರ್ಧ ಕಾಲ ಮಾತ್ರ ಇಲ್ಲಿರುತ್ತದೆ. ನೀರಾವರಿಯೊಂದಿಗೆ ಕಬ್ಬು ಹರಡಿ, ಸಮೀರವಾಡಿ, ಮುಧೋಳ, ಹಿರೇಪಡಸಲಗಿ ಮೊದಲಾದೆಡೆ ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ, ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುವುದು ವಾಡಿಕೆಯಾಯಿತು. ಮುಕಾದಮ ಮಳೆಗಾಲದಲ್ಲಿಯೇ ಮುಂಗಡ ಕೊಟ್ಟು ಕುಟುಂಬಗಳನ್ನು ಗೊತ್ತುಮಾಡಿಕೊಂಡಿರುತ್ತಾನೆ. ಹೊಲದಂಚಿನ ಗುಡಿಸಲು, ನಸುಕಿನಲ್ಲಿ ಆರಂಭವಾಗುವ ಕಟಾವು, ಗಾಡಿ ತುಂಬುವವರೆಗೆ ಮುಗಿಯದ ದಿನ. ಗಂಡ ಕಬ್ಬು ಕಡಿದರೆ ಹೆಂಡತಿ ರವದಿ ಸುಲಿದು ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಸಾಗಿಸುತ್ತಾಳೆ. ಈ ಜೋಡಿಗೆ ಅವರ ಮಾತಿನಲ್ಲಿ ‘ಒಂದು ಕೊಯ್ತಾ’ ಎಂದು ಹೆಸರು. ಕೊಯ್ತಾ ಎಂದರೆ ಕುಡುಗೋಲು. ಇಬ್ಬರ ದುಡಿಮೆ ಒಂದು ಆಯುಧದ ಹೆಸರಿನಲ್ಲಿ ಲೆಕ್ಕವಾಗುತ್ತದೆ. ಮುಂಗಡವೂ ಟನ್ನಿನ ದರವೂ ಕೊಯ್ತಾಕ್ಕೇ ಹೊರತು ಹೆಂಡತಿಗೆ ಬೇರೆಯಲ್ಲ. ರಜೆ ಮಾಡಿದರೆ ಮುಂಗಡದ ಲೆಕ್ಕಕ್ಕೆ ದಂಡ ಬೀಳುತ್ತದೆ. ಬೀಡ್ ಜಿಲ್ಲೆಯ ಕಟಾವಿನ ಹೆಂಗಸರಲ್ಲಿ ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆಗಳ ಸುದ್ದಿ 2019ರಲ್ಲಿ ಹೊರಬಿದ್ದು ಮಹಾರಾಷ್ಟ್ರ ಸರ್ಕಾರ ತನಿಖಾ ಸಮಿತಿ ನೇಮಿಸಿತು. ಅಂತಹ ಹೆಂಗಸರು ವರ್ಷದ ಅರ್ಧವನ್ನು ನಮ್ಮ ಹೊಲಗಳಲ್ಲಿಯೂ ಕಳೆಯುತ್ತಾರೆ ಎಂಬುದನ್ನು ಕನ್ನಡದ ಬರಹಗಳು ಹೆಚ್ಚಾಗಿ ಗಮನಿಸಲಿಲ್ಲ.

ಬೀಳಗಿಯ ಕಥೆ ಇದರ ತಿರುವುಮುರುವು. ಆಲಮಟ್ಟಿಯ ಹಿನ್ನೀರು ಇಲ್ಲಿನ ಹೊಲ, ಊರುಗಳನ್ನು ನುಂಗಿದಾಗ ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯಿದೆ. ಅದರ ಪರಿಹಾರ ಆಸ್ತಿಯಲ್ಲಿ ಹಕ್ಕುಳ್ಳವನಿಗೆ. ಆ ಹೊಲದಲ್ಲಿ ಕೂಲಿ ಮಾಡಿ ಬದುಕಿದ ಮನೆಗೆ ಅದರಲ್ಲಿ ಜಾಗವಿರಲಿಲ್ಲ. 2013ರ ಹೊಸ ಕಾಯಿದೆ ‘ಬಾಧಿತ ಕುಟುಂಬ’ ಎಂಬ ಪದದೊಳಗೆ ಮೂರು ವರ್ಷ ಅಲ್ಲಿಯೇ ದುಡಿದ ಕೃಷಿಕಾರ್ಮಿಕರನ್ನೂ ಕುಶಲಕರ್ಮಿಗಳನ್ನೂ ಸೇರಿಸಿತು. ಕೇಂದ್ರದ ಕಾನೂನೊಂದು ದುಡಿಯುವ ಕುಟುಂಬವನ್ನು ಕುಟುಂಬವಾಗಿಯೇ ಕಂಡ ಅಪರೂಪದ ನಿದರ್ಶನವಿದು. ಆ ಹೊತ್ತಿಗೆ ಬೀಳಗಿಯ ಎಷ್ಟೋ ಕೂಲಿಯವರು ಗೋವೆ, ಮಂಗಳೂರುಗಳ ಕಟ್ಟಡ ಕೆಲಸದ ಹಾದಿ ಹಿಡಿದಾಗಿತ್ತು.

ವಲಸೆ ಬಂದವರಿಗೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಇತ್ತು. ಐವರು ಅಥವಾ ಹೆಚ್ಚು ಹೊರರಾಜ್ಯದವರನ್ನು ತರುವ ಗುತ್ತಿಗೆದಾರನಿಗೆ ಅದು ಪರವಾನಗಿ ಕಡ್ಡಾಯ ಮಾಡಿತ್ತು. ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ, ವಸತಿ, ವೈದ್ಯಕೀಯ ನೆರವು ಹೇಳಿತ್ತು. ಕಬ್ಬಿನ ಹೊಲಕ್ಕೆ ಅದು ಇಳಿದದ್ದು ಕಡಿಮೆ. ಕಾರ್ಖಾನೆಗೆ ಕರಾರು ಸಾಗಣೆದಾರನೊಂದಿಗೆ, ಸಾಗಣೆದಾರನಿಗೆ ಮುಕಾದಮನೊಂದಿಗೆ. ಕಡಿಯುವವರು ಯಾರ ಕಾರ್ಮಿಕರು ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಒಬ್ಬರೂ ಉಳಿಯುತ್ತಿರಲಿಲ್ಲ.

ಇಪ್ಪತ್ತೊಂಬತ್ತು ಕಾನೂನುಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದು 1979ರ ಕಾಯಿದೆ ಕೊನೆಗೊಂಡಿತು. ಹೊಸ ಸಂಹಿತೆ ತಾನಾಗಿಯೇ ವಲಸೆ ಬಂದವನನ್ನೂ ವಲಸೆ ಕಾರ್ಮಿಕನೆಂದು ಒಪ್ಪುತ್ತದೆ, ಇದು ಹಳೆಯದಕ್ಕಿಂತ ಮುಂದಿನ ಹೆಜ್ಜೆ. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆಯಲ್ಲೇ ದುಡಿಯುವ ಕಾರ್ಮಿಕರ ವ್ಯಾಖ್ಯೆಯಿದೆ. ಮಾಲೀಕನಿಗಾಗಿ ತನ್ನ ಮನೆಯಲ್ಲಿ ಸಂಭಾವನೆಗೆ ಸರಕು ತಯಾರಿಸುವವರು ಅದರೊಳಗೆ ಬರುತ್ತಾರೆ. ಕಂಡಿಕೆ ಸುತ್ತುವವಳು ಅಲ್ಲಿಗೆ ಸೇರಬೇಕಾದರೆ ಸಂಭಾವನೆ ತನ್ನದೆಂದು ತೋರಿಸಬೇಕು, ಪುಸ್ತಕದಲ್ಲಿರುವುದು ಗಂಡನ ಹೆಸರು. ಇನ್ನು ವಲಸೆಯ ಅಧ್ಯಾಯದಲ್ಲಿ ಸ್ಥಳಾಂತರ ಭತ್ಯೆ ಬಿಟ್ಟುಹೋಗಿದೆ, ಪ್ರಯಾಣ ಭತ್ಯೆ ಉಳಿದಿದೆ. ಅನ್ವಯಿಸುವ ಮಿತಿ ಐದರಿಂದ ಹತ್ತಕ್ಕೆ ಏರಿದೆ. ಒಂಬತ್ತು ಜೋಡಿಯ ಗ್ಯಾಂಗೊಂದು ಮುಧೋಳದ ಹೊಲಕ್ಕೆ ಬಂದಿಳಿದರೆ ಕುಡುಗೋಲು ಹಿಡಿದವರು, ಹೊರೆ ಹೊತ್ತವರು ಸೇರಿ ಹದಿನೆಂಟು ಮಂದಿ. ಮುಕಾದಮನ ಪಟ್ಟಿಯಲ್ಲಿ ಒಂಬತ್ತು ಕೊಯ್ತಾ.