ರಿಯಾದಿನ ಅಖಾಡದಲ್ಲಿ ಜಪಾನಿನ ಹೆಣ್ಣುಮಕ್ಕಳು

ಸಂಘದ ಹಳಬರಿಗೆ ನೆನಪಿದೆ: ಇಲ್ಲಿ ಕ್ರೀಡಾಂಗಣಕ್ಕೆ ಹೋಗುತ್ತಿದ್ದವರು ನಾವು ಗಂಡಸರು ಮಾತ್ರ. ಮನೆಯವರಿಗೆ ಆ ಬಾಗಿಲು ತೆರೆದದ್ದು 2018ರ ಜನವರಿಯಲ್ಲಿ, ಜಿದ್ದಾದ ಒಂದು ಫುಟ್‌ಬಾಲ್ ಪಂದ್ಯಕ್ಕೆ. ಅದೇ ಏಪ್ರಿಲ್‌ನಲ್ಲಿ ಅಮೆರಿಕದ ಡಬ್ಲ್ಯೂಡಬ್ಲ್ಯೂಇ ಕುಸ್ತಿ ಜಿದ್ದಾಕ್ಕೆ ಬಂದಾಗ ಹೆಂಗಸರು ಕುಟುಂಬದೊಡನೆ ನೋಡಲು ಹೋದರು. ಅಖಾಡದಲ್ಲಿ ಮಾತ್ರ ಒಬ್ಬಳೂ ಇರಲಿಲ್ಲ.

2019ರ ಅಕ್ಟೋಬರ್ 31ರಂದು ರಿಯಾದಿನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ನಟಾಲಿಯಾ ಮತ್ತು ಲೇಸಿ ಇವಾನ್ಸ್ ಸೆಣಸಿದರು. ಸೌದಿಯಲ್ಲಿ ಹೆಂಗಸರ ಮೊದಲ ಕುಸ್ತಿ ಅದು. ಮೈತುಂಬ ಮುಚ್ಚಿದ ಉಡುಪು, ಮೇಲೊಂದು ಟೀ ಶರ್ಟು. ಗೆದ್ದದ್ದು ನಟಾಲಿಯಾ, ಕೊನೆಗೆ ಇಬ್ಬರೂ ಅಪ್ಪಿಕೊಂಡು ಅತ್ತರು.

ಆಮೇಲೆ ಬಂದವರು ಜಪಾನಿನವರು. 2022ರ ನವೆಂಬರ್ 5ರಂದು ರಿಯಾದಿನ ಜೋಡಿ ಕುಸ್ತಿಯಲ್ಲಿ ಅಸುಕಾ ಒಂದು ಕಡೆ, ಇಯೋ ಸ್ಕೈ ಇನ್ನೊಂದು ಕಡೆ. ಪಟ್ಟ ಇಯೋಳ ಜೋಡಿಗೆ ಹೋಯಿತು. ಮರುವರ್ಷ ಮೇ 27ರಂದು ಜಿದ್ದಾದಲ್ಲಿ ಅಸುಕಾ, ಬಿಯಾಂಕಾ ಬೆಲೇರ್‌ಳನ್ನು ಸೋಲಿಸಿ ಪಟ್ಟ ಗೆದ್ದಳು. ನವೆಂಬರ್ 4ರಂದು ರಿಯಾದಿನಲ್ಲಿ ಅದೇ ಬಿಯಾಂಕಾಳ ಎದುರು ಇಯೋ ತನ್ನ ಪಟ್ಟ ಉಳಿಸಿಕೊಂಡಳು. ನಡುವೆ ಕೈರಿ ಸಾನೆ ನುಗ್ಗಿ ಗೆಳತಿಗೆ ನೆರವಾದದ್ದು ನ್ಯಾಯವಲ್ಲ, ಬಿಡಿ!

ಇದು ನಮ್ಮೂರ ಗರಡಿಯ ಕುಸ್ತಿಯಲ್ಲ. ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಆದರೆ ಹಗ್ಗದ ಮೇಲೆ ನಿಂತು ಹಿಮ್ಮುಖವಾಗಿ ಲಾಗ ಹಾಕುವುದು ನಿಜವೇ. ಗರಡಿಯ ಹೊಸ್ತಿಲು ದಾಟಬಾರದೆಂದು ಕೇಳಿ ಬೆಳೆದ ನಮ್ಮ ಮನೆಯ ಹೆಂಗಸರು ಟೀವಿಯ ಮುಂದಿನಿಂದ ಏಳಲಿಲ್ಲ. ಮಾರನೆಯ ದಿನ ಹುಡುಗಿಯರು ಸೋಫಾದಿಂದ ಹಾರತೊಡಗಿದರು. ಕೆಳಗಿನ ಮನೆಯವರ ಕ್ಷಮೆ ಕೇಳಿ ಬಂದೆವು.