ಎ-ಸ್ಟಾರ್ ಶೋಧನಕ್ರಮ: ಒಂದು ತಿದ್ದುಪಡಿಯ ಇತಿಹಾಸ

ಕೃತಕ ಬುದ್ಧಿಮತ್ತೆಯ ಶೋಧನಕ್ರಮಗಳಲ್ಲಿ ‘ಎ-ಸ್ಟಾರ್’ ಪ್ರಸಿದ್ಧವಾದುದು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ‘ಶೇಕಿ’ ಎಂಬ ಚಲಿಸುವ ರೋಬಾಟಿಗೆ ದಾರಿ ಗೊತ್ತುಪಡಿಸುವ ಕಾರ್ಯದ ಸಂದರ್ಭದಲ್ಲಿ ಪೀಟರ್ ಹಾರ್ಟ್, ನಿಲ್ಸ್ ನಿಲ್ಸನ್ ಮತ್ತು ಬರ್ಟ್ರಾಮ್ ರಾಫೆಲ್ ಇದನ್ನು ರೂಪಿಸಿ, 1968ರಲ್ಲಿ ಪ್ರಕಟಿಸಿದರು. ಡೈಕ್‌ಸ್ಟ್ರನ 1959ರ ವಿಧಾನವು ಕ್ರಮಿಸಿದ ದೂರವನ್ನಷ್ಟೇ ಲೆಕ್ಕಿಸುತ್ತಿತ್ತು. ಇವರು ಅದಕ್ಕೆ ಗುರಿಯವರೆಗೆ ಉಳಿದಿರುವ ದೂರದ ಅಂದಾಜನ್ನು ಕೂಡಿಸಿ, ಮೊತ್ತ ಕನಿಷ್ಠವಾದ ನೆಲೆಯನ್ನು ಮೊದಲು ಪರಿಶೀಲಿಸಿದರು. ಅಂದಾಜು ನಿಜವಾದ ದೂರವನ್ನು ಮೀರದಿದ್ದರೆ ದೊರೆಯುವ ದಾರಿ ಕನಿಷ್ಠ ವೆಚ್ಚದ್ದೇ ಆಗಿರುತ್ತದೆ. ಇದರಲ್ಲಿ ವಿವಾದವಿಲ್ಲ.

ತೊಡಕಿದ್ದುದು ಇನ್ನೊಂದು ಪ್ರಮೇಯದಲ್ಲಿ. ಅದೇ ಅಂದಾಜನ್ನು ಬಳಸುವ ಬೇರಾವ ಕ್ರಮವೂ ಇದಕ್ಕಿಂತ ಕಡಿಮೆ ನೆಲೆಗಳನ್ನು ಪರಿಶೀಲಿಸಿ ಗುರಿ ಮುಟ್ಟಲಾರದೆಂದು ಅದು ಸಾರಿತು (ಸಮಾನ ಮೊತ್ತದ ನೆಲೆಗಳ ಪ್ರಶ್ನೆಯನ್ನು ಇಲ್ಲಿ ಬದಿಗಿಡಬಹುದು). ಅದಕ್ಕೊಂದು ನಿಬಂಧನೆಯಿತ್ತು: ಅಂದಾಜುಗಳು ಸುಸಂಗತವಾಗಿರಬೇಕು, ಎಂದರೆ, ಒಂದು ಹೆಜ್ಜೆ ಮುಂದಿಟ್ಟಾಗ ಅಂದಾಜು ಆ ಹೆಜ್ಜೆಯ ವೆಚ್ಚಕ್ಕಿಂತ ಹೆಚ್ಚು ಇಳಿಯಬಾರದು. 1972ರಲ್ಲಿ ಲೇಖಕರೇ ‘ತಿದ್ದುಪಡಿ’ಯೊಂದನ್ನು ಪ್ರಕಟಿಸಿ, ಈ ನಿಬಂಧನೆ ಅನಗತ್ಯವೆಂದರು. 1985ರಲ್ಲಿ ರೀನಾ ಡೆಕ್ಟರ್ ಮತ್ತು ಜುಡಿಯಾ ಪರ್ಲ್, ಸುಸಂಗತತೆಯಿಲ್ಲದೆಡೆ ಎ-ಸ್ಟಾರ್‌ಗಿಂತ ಕಡಿಮೆ ನೆಲೆಗಳಲ್ಲಿ ಕಾರ್ಯ ಮುಗಿಸುವ ಕ್ರಮಗಳು ಇರಬಲ್ಲವೆಂದು ಸಿದ್ಧಪಡಿಸಿದರು. 13 ವರ್ಷಗಳ ಬಳಿಕ ಮೂಲದ ನಿಬಂಧನೆಯೇ ಊರ್ಜಿತವಾಯಿತು. 1972ರ ಟಿಪ್ಪಣಿಯನ್ನು ಮಾತ್ರ ಆಧರಿಸುವವರು ಇದನ್ನು ಗಮನಿಸಬೇಕು.